ಅಮ್ಮನ ಬಳೆ, ಒಂದು ಡಬ್ಬಿ ನೀರು

ನಾನು ಏನನ್ನಾದರೂ ನೀರಿಗೆ ಇಳಿಬಿಟ್ಟೆನೆಂದರೆ ಯಾರೋ ಒಬ್ಬರ ಮುಖ ಹುಳ್ಳಗಾಗುತ್ತದೆ. ಸಂಡೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವಾಗಲೂ ಹೀಗೆಯೇ, ನಿವೃತ್ತಳಾಗಿ ಹೊಸಪೇಟೆಗೆ ಬಂದ ಮೇಲೂ ಹೀಗೆಯೇ.

ಒರೆಗಲ್ಲು

ಕುಂದಾಪುರ ಬಿಟ್ಟು ಈ ಕಡೆ ಬರುವ ದಿನ ಅಮ್ಮ ತನ್ನ ಕೈಯ ಬಳೆ ಕಳಚಿ ನನಗೆ ಹಾಕಿದ್ದಳು. "ಒಳ್ಳೇ ಬಂಗಾರ. ಎಲ್ಲಿಯೂ ತಲೆ ತಗ್ಗಿಸಬೇಡ" ಎಂದಿದ್ದಳು. ಈಗ ಗೆಣ್ಣು ಊದಿ ಬಳೆ ಕೈಗೆ ಏರುವುದಿಲ್ಲ. ಕತ್ತರಿಸಿ ತಿರುಪು ಕೂಡಿಸಿ ಕೊಡಿ ಎಂದು ಚಿನ್ನದಂಗಡಿಗೆ ಹೋದೆ. ಸಾಹುಕಾರರು ಒರೆಗಲ್ಲಿಗೆ ತಿಕ್ಕಿ ನೋಡಿ, "ಅರ್ಧಕ್ಕರ್ಧ ತಾಮ್ರ ಐತ್ರಿ ಟೀಚರಮ್ಮ. ಕರಗಿಸಿ ಹೊಸಾದು ತಗೋರಿ" ಅಂದರು.

"ಕ್ಯಾರೆಟ್ ನೋಡುವ ಮಷೀನಿಗೆ ಇಟ್ಟು ನೋಡಿ."

"ಅದು ರಿಪೇರಿಗೆ ಹೋಗೈತ್ರಿ."

ತೀರಿಹೋದ ನನ್ನ ಅಮ್ಮನನ್ನು ಸುಳ್ಳಿ ಎಂದ ಹಾಗಾಯಿತು. "ಸೋಮವಾರ ಬರುತ್ತೇನೆ. ನೀರಿನಲ್ಲಿ ತೂಗಿ ತೋರಿಸುತ್ತೇನೆ" ಎಂದೆ.

ಸಾಹುಕಾರರು ನಕ್ಕರು. "ಬರ್ರಿ, ಬರ್ರಿ. ನೀರಾಗ ಅದ್ದಿದ್ರ ಹೊಳಪು ಬರತೈತಿ, ಕ್ಯಾರೆಟ್ ಬರಂಗಿಲ್ಲ."

ತೇಲಿದ ನಂದಿ

ಸುದ್ದಿ ಓಣಿಗೆಲ್ಲ ಹಬ್ಬಿತು. ಪಕ್ಕದ ಮನೆಯಾಕೆ ಹಂಪಿ ಬಜಾರಿನಲ್ಲಿ ಕೊಂಡ ಪಂಚಲೋಹದ ನಂದಿಯನ್ನು ಹೊತ್ತು ತಂದಳು.

"ಮೊದ್ಲು ಇದನ್ನ ನೋಡ್ರಿ. ಹಗುರೈತಿ, ಬಸ್ಸಿನ್ಯಾಗ ತರಾಕ ಚಲೋ ಅಂತ ತಗೊಂಡೆ."

ಬಕೆಟ್ಟಿಗೆ ಬಿಟ್ಟೆ. ನಂದಿ ಕೊಂಬು ಮೇಲೆ ಮಾಡಿ ಹಾಯಾಗಿ ತೇಲಿತು. ಲೋಹದ ಬಣ್ಣ ಬಳಿದ ಎಂಥದೋ ಪುಡಿಯ ಟೊಳ್ಳು ಗೊಂಬೆ! ಇಬ್ಬರೂ ಹಂಪಿಗೆ ಹೋಗಿ ಮಾರಿದವನ ಮುಂದೆ ನಿಂತೆವು. ಅವನು ಅಳುಕಲೇ ಇಲ್ಲ.

"ತೇಲತೈತೇನ್ರಿ? ಅಯ್ಯೋ ಅಕ್ಕಾ, ತೇಲೋ ನಂದಿಗೆ ರೇಟ್ ಬ್ಯಾರೆ ಐತಿ. ತಪ್ಪಿ ಕಡಿಮಿಗೆ ಕೊಟ್ಟೀನಿ!"

ಡಬ್ಬಿ ನೀರು

ಸೋಮವಾರ ಒಂದು ಪ್ಲಾಸ್ಟಿಕ್ ಡಬ್ಬಿ, ದಾರ ಹಿಡಿದು ಅಂಗಡಿಗೆ ಹೋದೆ. ಬಳೆ ಮೂವತ್ತೈದೂವರೆ ಗ್ರಾಂ ತೂಗಿತು. ಡಬ್ಬಿಗೆ ಅಂಗಡಿಯ ನಲ್ಲಿಯ ನೀರು ಹಾಕಿ ಅವರದೇ ತಕ್ಕಡಿಯ ಮೇಲಿಟ್ಟು ಸೊನ್ನೆ ಮಾಡಿಸಿದೆ. ಬಳೆಯನ್ನು ದಾರದಲ್ಲಿ ತೂಗುಬಿಟ್ಟು, ತಳ ಮುಟ್ಟದಂತೆ ನೀರಿನಲ್ಲಿ ಮುಳುಗಿಸಿದೆ.

"ಬಳೆ ಪಕ್ಕಕ್ಕೆ ಸರಿಸಿದ ನೀರಿನ ತೂಕ ಈಗ ಕಾಣಿಸುತ್ತದೆ. ತಾಮ್ರ ಹಗುರ, ಅದಕ್ಕೆ ಜಾಗ ಜಾಸ್ತಿ ಬೇಕು. ಅರ್ಧ ತಾಮ್ರವಿದ್ದರೆ ಮೂರು ಗ್ರಾಮಿನ ಹತ್ತಿರ ಬರಬೇಕು. ಇಪ್ಪತ್ತೆರಡು ಕ್ಯಾರೆಟ್ ಆದರೆ ಎರಡು."

ತಕ್ಕಡಿ ಎರಡರಲ್ಲಿ ನಿಂತಿತು.

ಕಂಪ್ಲಿಯಿಂದ ಮದುವೆಯ ಒಡವೆಗೆ ಬಂದಿದ್ದವರು ಆರಿಸಿಕೊಂಡ ಸರವನ್ನು ಮೆಲ್ಲಗೆ ಕೆಳಗಿಟ್ಟರು.

"ನೀರಿನ್ಯಾಗ ಏನೋ ಐತಿ" ಎಂದರು ಸಾಹುಕಾರರು.

"ನಿಮ್ಮದೇ ನಲ್ಲಿ, ನಿಮ್ಮದೇ ತಕ್ಕಡಿ. ನನ್ನದು ಬಳೆಯೊಂದೇ" ಎಂದೆ.

ಅಷ್ಟರಲ್ಲಿ ಒಳಗಿನಿಂದ ಚಹಾ ತಂದ ಸಾಹುಕಾರರ ಹೆಂಡತಿ ತಟ್ಟೆ ಕೆಳಗಿಟ್ಟು, ತಮ್ಮ ಕೊರಳಿನ ಸರ ಬಿಚ್ಚಿದರು. "ಮದಿವ್ಯಾಗ ಇವ್ರ ಕೈಯಾರೆ ಮಾಡಿ ಹಾಕಿದ್ದು. ಇದನ್ನೂ ಒಂದ್ಸಲ ಮುಳುಗಿಸ್ರಿ ಟೀಚರಮ್ಮ."

ಸಾಹುಕಾರರು ಡಬ್ಬಿಯನ್ನು ಕಸಿದುಕೊಂಡು, ನನ್ನ ಬಳೆಯನ್ನು ತೆಗೆದು ನನ್ನ ಕೈಗಿಟ್ಟು, ನೀರನ್ನೆಲ್ಲ ಗಟಗಟ ಕುಡಿದುಬಿಟ್ಟರು. "ಏನ್ ಬಿಸಲೋ! ಭಾಳ ನೀರಡಿಕಿ ಆಗಿತ್ತು."

ಹೆಂಡತಿ ಸರವನ್ನು ಕೈಯಲ್ಲೇ ಹಿಡಿದು ಕುರ್ಚಿ ಎಳೆದು ಕೂತರು.

"ಕುಡೀರಿ, ಕುಡೀರಿ. ಒಳಗ ತೊಟ್ಟಿ ತುಂಬ ಐತಿ."