ಸೈಕಲ್ ಬಾರದ ಗುರು

ಬಾರದ ವಿದ್ಯೆಯನ್ನು ಬರುತ್ತದೆ ಎನ್ನಲು ಧೈರ್ಯವೇನೂ ಬೇಕಾಗಿಲ್ಲ. ಕೇಳುವವರು ಫೋನಿನ ಆ ತುದಿಯಲ್ಲಿದ್ದರೆ ಸಾಕು. ನಾನು ಸಿಕ್ಕಿಬಿದ್ದದ್ದೂ ಹಾಗೆಯೇ.

ಗದಗ ಆಗತಾನೇ ಜಿಲ್ಲೆಯಾಗಿತ್ತು. ಮುಂಡರಗಿಯ ನಮ್ಮ ಓಣಿಯಲ್ಲಿ ಫೋನಿದ್ದದ್ದು ನಮ್ಮ ಮನೆಯಲ್ಲಿ ಮಾತ್ರ. ಎದುರುಮನೆಯ ಈರಪ್ಪ ಸೈನ್ಯದಲ್ಲಿ ಹವಾಲ್ದಾರ. ರವಿವಾರಕ್ಕೊಮ್ಮೆ ಗಡಿಯಿಂದ ಅವನು ಮಾಡುವ ಫೋನು ನಮ್ಮಲ್ಲಿಗೇ ಬರುತ್ತಿತ್ತು. ಒಂದು ರವಿವಾರ, "ಸರ, ಈ ಸಲ ರಜಾ ಸಿಗಲಿಲ್ರಿ. ಮಗಳಿಗೆ ಸೈಕಲ್ ಕಲಸ್ತೇನಿ ಅಂದಿದ್ದೆ. ಈಗ ಏನಂತ ಹೇಳ್ಲಿ?" ಎಂದ. ದನಿ ಸಣ್ಣಗಾಗಿತ್ತು. "ನಾನಿಲ್ಲೇನು? ನಾ ಕಲಸ್ತೇನಿ ಬಿಡು" ಎಂದುಬಿಟ್ಟೆ. ಫೋನಿಟ್ಟ ಮೇಲೆ ಹೆಂಡತಿ ಕೇಳಿದಳು, "ನಿಮಗ ಯಾವಾಗ ಸೈಕಲ್ ಬಂತ್ರಿ?" ಚಿಕ್ಕವನಿದ್ದಾಗ ಒಮ್ಮೆ ಹತ್ತಿ ಎಮ್ಮೆಗೆ ಗುದ್ದಿದ್ದೆ. ಎಮ್ಮೆಗೆ ಏನೂ ಆಗಲಿಲ್ಲ.

ಆಮೇಲೆ ಮೂರು ರವಿವಾರ ಫೋನೇ ಬರಲಿಲ್ಲ. ರೇಡಿಯೋದಲ್ಲಿ ಗಡಿಯ ಸುದ್ದಿ ಚೆನ್ನಾಗಿರಲಿಲ್ಲ. ಈರಪ್ಪನ ಮಗಳು, ಹತ್ತು ವರ್ಷದ ಸುಮಂಗಲೆ, ಶಾಲೆ ಬಿಟ್ಟೊಡನೆ ಬಂದು ಫೋನಿನ ಪಕ್ಕ ಕೂತು ಮಗ್ಗಿ ಬರೆಯುತ್ತಿದ್ದಳು. ಹದಿನೇಳರ ಮಗ್ಗಿಯನ್ನು ಅಷ್ಟು ಸಲ ಬರೆದವರು ಹೊಸ ಜಿಲ್ಲೆಯಲ್ಲಿ ಇನ್ನೊಬ್ಬರಿರಲಿಕ್ಕಿಲ್ಲ. ಅವಳು ಅತ್ತ ಹೋದಾಗ ನಾನೂ ರಿಸೀವರ್ ಎತ್ತಿ, ಅದಕ್ಕಿನ್ನೂ ಜೀವವಿದೆಯೇ ಎಂದು ನೋಡುತ್ತಿದ್ದೆ. ಓಣಿಯವರು ತಮಗೆ ಗೊತ್ತಿದ್ದ ರೀತಿಯಲ್ಲಿ ಧೈರ್ಯ ತುಂಬಿದರು: ಒಂದೇ ದಿನ ಐದು ಮನೆಗಳಿಂದ ಶೇಂಗಾ ಹೋಳಿಗೆ ಬಂದು ಹುಡುಗಿಯ ಹೊಟ್ಟೆ ಕೆಟ್ಟಿತು. ಕೊನೆಗೆ ನನ್ನ ಹೆಂಡತಿ, "ಆ ಫೋನ್ ಮುಂದ ಕುಂಡ್ರಬ್ಯಾಡ್ರಿ, ಸೈಕಲ್ ಕಲಿಸಾಕ ಹೋಗ್ರಿ" ಎಂದು ನಮ್ಮಿಬ್ಬರನ್ನೂ ಹೊರದಬ್ಬಿದಳು.

ಸೈಕಲ್ ಅಂಗಡಿಯ ಮಕ್ತುಮ್‌ಸಾಬ ಮೈದಾನಕ್ಕೇ ಒಂದು ಸೈಕಲ್ ತಂದು ನಿಲ್ಲಿಸಿದ. ನಾನು ಸಮತೋಲದ ಬಗ್ಗೆ ಅರ್ಧ ಗಂಟೆ ಮಾತಾಡಿದೆ. ಎಲ್ಲ ಕೇಳಿಸಿಕೊಂಡ ಸುಮಂಗಲೆ, "ಕಾಕಾ, ಒಮ್ಮೆ ಹೊಡದ ತೋರಸ್ರಿ" ಎಂದಳು. ಅಷ್ಟರಲ್ಲಿ ಅರ್ಧ ಓಣಿ ನೆರೆದಿತ್ತು. ಹತ್ತಿದೆ. ಸೈಕಲ್ಲು ಒಂದು ಕಡೆ ಹೋಯಿತು, ನಾನು ಜಾಲಿಕಂಟಿಯೊಳಗೆ ಹೋದೆ.

ಮೂರು ವಾರಗಳಲ್ಲಿ ಮೊದಲ ಸಲ ಅವಳು ನಕ್ಕಳು. ನೆಲದ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುನಗುತ್ತಲೇ ಬಿಕ್ಕಿ ಬಿಕ್ಕಿ ಅತ್ತಳು. ತಾಯಿ ಓಡಿಬಂದು ಅಪ್ಪಿಕೊಂಡಳು. ನನ್ನ ಬೆನ್ನಿನ ಮುಳ್ಳು ಕೀಳುತ್ತಿದ್ದ ಮಕ್ತುಮ್‌ಸಾಬನ ಕೈ ಹಾಗೇ ನಿಂತಿತು. ಸ್ವಲ್ಪ ಹೊತ್ತಿಗೆ ಸುಮಂಗಲೆ ಕಣ್ಣೊರೆಸಿಕೊಂಡು ಎದ್ದು, "ಯಾರರ ಹಿಡೀರಿ, ನಾ ಹತ್ತತೇನಿ" ಎಂದಳು. ಅಂದಿನಿಂದ ಓಣಿಯವರು ಸರದಿಯಂತೆ ಸೀಟು ಹಿಡಿದು ಓಡಿದರು. ನಾಲ್ಕೇ ದಿನಕ್ಕೆ ಅವಳಿಗೆ ಯಾರೂ ಬೇಕಾಗಲಿಲ್ಲ.

ಆ ರವಿವಾರ ಫೋನು ಬಂತು. "ಅಪ್ಪಾ, ಆರಾಮ ಅದಿ ಇಲ್ಲ?" ಎಂದವಳು, ಉತ್ತರ ಕೇಳಿ ಉದ್ದಕ್ಕೆ ಉಸಿರುಬಿಟ್ಟು, "ನನಗ ಸೈಕಲ್ ಬಂತು. ಕಾಕಾಗ ಇನ್ನೂ ಬಂದಿಲ್ಲ" ಎಂದಳು.

ದೀಪಾವಳಿಗೆ ಈರಪ್ಪನಿಗೆ ಇಪ್ಪತ್ತು ದಿನ ರಜೆ ಸಿಕ್ಕಿತು. ಮಗಳ ಸವಾರಿ ನೋಡಿ ಕಣ್ಣು ತುಂಬಿಕೊಂಡ. ಆಮೇಲೆ ನನಗೂ ಕಲಿಸುತ್ತೇನೆಂದು ಆರು ದಿನ ಸೀಟು ಹಿಡಿದು ಮೈದಾನದ ತುಂಬ ಓಡಿದ. ಏಳನೆಯ ದಿನ ಏದುಸಿರು ಬಿಡುತ್ತ ಕೈಮುಗಿದ:

"ಸರ, ಗಡಿ ಕಾಯೂದ ಹಗುರ ಐತ್ರಿ."