ಆಟೀನ್ ಎಕ್ಕಾದ ಜೊತೆಗೊಂದು ನಾಲ್ಕು

ಇಸ್ಪೀಟಿನಲ್ಲಿ ಕೆಟ್ಟ ಎಲೆ ಬಂದರೆ ಶಿಸ್ತಿನ ಮನುಷ್ಯನಿಗೆ ಯಾವ ತೊಂದರೆಯೂ ಇಲ್ಲ. ಮುಚ್ಚಿಟ್ಟು ಸುಮ್ಮನೆ ಕೂಡಬಹುದು. ಅವನ ನೆಮ್ಮದಿ ಕೆಡಿಸುವುದು ಅರ್ಧ ಒಳ್ಳೆಯ ಎಲೆ. ಗುಡಗೇರಿಯ ಸುತ್ತಮುತ್ತಲಿನ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಡ್ರಿಲ್ ಮಾಸ್ತರನಾಗಿದ್ದವನು ನಾನು. ತಪಾಸಣೆಗೆ ಬಂದ ಸಾಹೇಬರ ಮುಂದೆ ನನ್ನ ಧ್ವನಿ ಒಮ್ಮೆಯೂ ನಡುಗಿಲ್ಲ. ಈಗ ನಿವೃತ್ತನಾದ ಮೇಲೆ, ಕೈಗೆ ಒಂದು ಎಕ್ಕಾ ಮತ್ತು ಅದೇ ಗುರುತಿನ ಇನ್ನೊಂದು ಸಣ್ಣ ಎಲೆ ಜೊತೆಯಾಗಿ ಬಂದರೆ ಬಿಡಲೂ ಆಗದು, ಆಡಲೂ ಅಂಜಿಕೆ. ಹೊರಗೆ ಮಾತ್ರ ಏನನ್ನೂ ತೋರಿಸುವವನಲ್ಲ. ಮುಖ ಕಲ್ಲಿನಂತೆ ಇಟ್ಟುಕೊಳ್ಳುತ್ತೇನೆ.

ಈ ಪೋಕರ್ ಆಟವನ್ನು ಮೊಬೈಲಿನಲ್ಲಿ ನೋಡಿ ಕಲಿತು ಮನೆಗೆ ತಂದವಳು ಸೊಸೆ ಸವಿತಾ. ಟೆಕ್ಸಾಸ್ ಹೋಲ್ಡೆಮ್ ಎಂದು ಅದರ ಪೂರ್ತಿ ಹೆಸರು. ಪ್ರತಿಯೊಬ್ಬರಿಗೂ ಗುಟ್ಟಾಗಿ ಎರಡೆರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ, ಮೊದಲು ಮೂರು, ಆಮೇಲೆ ಒಂದು, ಕೊನೆಗೆ ಇನ್ನೊಂದು. ಈ ಏಳರಲ್ಲಿ ಒಳ್ಳೆಯ ಐದನ್ನು ಕೂಡಿಸಿದವರು ಗೆದ್ದಂತೆ. ಐದೂ ಒಂದೇ ಗುರುತಾದರೆ ಅದು ಕಲರ್. ಅದರಲ್ಲಿ ಎಕ್ಕಾ ನಮ್ಮದಾಗಿದ್ದರೆ ಬೇರೆ ಕಲರಿನ ಅಂಜಿಕೆಯಿಲ್ಲ. ಆದಿತ್ಯವಾರ ಮಧ್ಯಾಹ್ನ ಮೂರಕ್ಕೆ ಸರಿಯಾಗಿ ಆರಂಭ, ನಾಲ್ಕೂವರೆಗೆ ಚಹಾ. ದುಡ್ಡಿನ ಮಾತಿಲ್ಲ, ಪಣಕ್ಕೆ ತಲೆಗೆ ಮೂವತ್ತು ಹುಣಸೆಬೀಜ. ಹೆಂಡತಿ ಗಿರಿಜಾ, ಸವಿತಾ, ಬಾಜು ಮನೆಯ ಬಸಣ್ಣ ಮೂವರೂ ಕೆಳಗೆ ಜಮಖಾನೆಯ ಮೇಲೆ. ಮೊಣಕಾಲು ನೋವಿನ ದೆಸೆಯಿಂದ ನಾನೊಬ್ಬ ಕುರ್ಚಿಯ ಮೇಲೆ. ಎತ್ತರದಲ್ಲಿ ಕೂತವನಿಗೆ ಎಲ್ಲರ ಚಲನವಲನ ಕಾಣುತ್ತದೆ ಎಂಬುದು ನನ್ನ ಹಳೆಯ ನಂಬಿಕೆ.

ಯಾವ ಎಲೆ ಬಂದರೆ ಆಡಬೇಕು, ಯಾವುದಕ್ಕೆ ಬಿಡಬೇಕು ಎಂದು ದುಂಡಗೆ ಬರೆದು ಕ್ಯಾಲೆಂಡರಿನ ಹಿಂದೆ ಅಂಟಿಸಿದ್ದೇನೆ. ಮೊದಲ ಸಾಲು: ‘ಎಕ್ಕಾ ಹಾಗೂ ಅದೇ ಗುರುತಿನ ಯಾವುದೇ ಎಲೆ: ಆಡತಕ್ಕದ್ದು.’ ಸವಿತಾ ಅದನ್ನು ಓದಿ, “ಮಾವಾರ, ಬಾಜೂದ್ದು ಸಣ್ಣ ಎಲಿ ಇದ್ರ ಅದು ಬರೇ ಆಶಾ ಹಚ್ಚತೈತ್ರಿ” ಎಂದಳು. ನಾನು ಒಪ್ಪಲಿಲ್ಲ. ಒಮ್ಮೆ ಬರೆದು ಅಂಟಿಸಿದ್ದನ್ನು ತಿದ್ದುವ ರೂಢಿ ನನಗಿಲ್ಲ. ಆದರೆ ಒಂದು ವಿಚಿತ್ರ ನೋಡಿ. ಹೋದ ತಿಂಗಳು ಕಳಾವರ ಎಕ್ಕಾ, ಕಳಾವರ ಐದು ಬಂದು, ನಡುವೆ ಮೂರು ಕಳಾವರ ಬಿದ್ದು, ಲಕ್ಷಣವಾದ ಕಲರ್ ಆಯಿತು. ನಾನು ಬೀಜಕ್ಕೆ ಕೈ ಹಚ್ಚುವ ಮೊದಲೇ ಮೂವರೂ ಎಲೆ ಮುಚ್ಚಿಬಿಟ್ಟರು. ಸಿಕ್ಕಿದ್ದು ಮೊದಲೇ ತಲೆಗೊಂದರಂತೆ ಇಟ್ಟಿದ್ದ ನಾಲ್ಕು ಬೀಜ. ನನ್ನ ಮುಖ ಆಗಲೂ ಕಲ್ಲಿನಂತೆಯೇ ಇತ್ತು.

ಇಷ್ಟೇ ಆಗಿದ್ದರೆ ಇದನ್ನು ಬರೆಯುತ್ತಿರಲಿಲ್ಲ. ನಮ್ಮ ಅಂಗಳದ ಬೇವಿನ ಟೊಂಗೆಗೆ ಒಂದು ರೈಲು ಹಳಿಯ ತುಂಡು ತೂಗುಹಾಕಿದೆ. ಶಾಲೆಗೆ ಕರೆಂಟಿನ ಗಂಟೆ ಬಂದಾಗ ಮೂಲೆಗೆ ಬಿದ್ದಿದ್ದ ಹಳೆಯ ಗಂಟೆ ಅದು, ಕೇಳಿ ತಂದೆ. ದಿನಾ ಬೆಳಿಗ್ಗೆ ಐದಕ್ಕೆ ಕಬ್ಬಿಣದ ಸರಳಿನಿಂದ ಬಾರಿಸುತ್ತೇನೆ. ಏಳಲು ಒಂದು, ಸ್ನಾನಕ್ಕೆ ಒಂದು, ಉಪ್ಪಿಟ್ಟಿಗೆ ಒಂದು. ಹೋದ ಆದಿತ್ಯವಾರ ಆಟದ ಮೊದಲು ಗಿರಿಜಾ ಅಂದಳು: “ಇವತ್ತ ನಿಮ್ಮ ಬೀಜ ತೀರಿದ್ರ ಒಂದು ವಾರ ಗಂಟಿ ಬಂದ್. ನಾವು ಮೂರೂ ಮಂದಿ ಸೋತ್ರ ನೀವು ಹೇಳಿದ್ಹಂಗ ಕೈಕಾಲು ಆಡಿಸಿ ಕವಾಯತ ಮಾಡ್ತೀವಿ.”

“ಹೂಂ ಅನ್ರಿ ಮಾಸ್ತರ,” ಎಂದ ಬಸಣ್ಣ. “ನಿಮ್ಮ ಹಳಿಗೂ ಒಂದೀಟು ಸೂಟಿ ಬ್ಯಾಡೇನು?”

ನಾಲ್ಕು ಗಂಟೆಯ ಹೊತ್ತಿಗೆ ನನ್ನಲ್ಲಿ ಹನ್ನೊಂದು ಬೀಜ ಉಳಿದಿದ್ದವು. ಆಗ ಬಂತು: ಆಟೀನ್ ಎಕ್ಕಾ, ಆಟೀನ್ ನಾಲ್ಕು. ನಡುವೆ ಇಸ್ಪೀಟ್ ಎಕ್ಕಾ, ಆಟೀನ್ ಒಂಬತ್ತು, ಆಟೀನ್ ಗುಲಾಮ. ಎಕ್ಕಾಗಳ ಜೋಡಿ ಆಗಲೇ ಕೂಡಿದೆ, ಇನ್ನೊಂದೇ ಒಂದು ಆಟೀನ್ ಬಿದ್ದರೆ ಕಲರ್! ಬಸಣ್ಣ, ಸವಿತಾ ಎಲೆ ಮುಚ್ಚಿದರು. ಗಿರಿಜಾ ಉಳಿದಳು. ನಾಲ್ಕನೆಯದು ಕಳಾವರ ಆರು. ಐದನೆಯದು ಡೈಮನ್ ಎರಡು. ಕಲರ್ ಆಗಲಿಲ್ಲ. ನಾಳೆ ಬೆಳಗಿನ ಐದು ಗಂಟೆ ಕಣ್ಣ ಮುಂದೆ ಮೂಕವಾಗಿ ನಿಂತಿತು. ಆದರೂ ಕಲರ್ ಆದವನ ಗತ್ತಿನಲ್ಲಿ ಉಳಿದ ಬೀಜವನ್ನೆಲ್ಲ ಮುಂದೆ ತಳ್ಳಿದೆ. ಜನ್ಮದಲ್ಲಿ ನಾನು ಆಡಿದ ಮೊದಲ ಸುಳ್ಳು ಆಟ.

ಗಿರಿಜಾ ನನ್ನ ಮುಖದ ಕಡೆ ನೋಡಲೇ ಇಲ್ಲ. ತಲೆ ತಗ್ಗಿಸಿ ಜಮಖಾನೆಯ ಅಂಚು ನೋಡಿ, ಅಷ್ಟೇ ಬೀಜ ಮುಂದಿಟ್ಟು ತನ್ನ ಎಲೆ ಬಿಚ್ಚಿದಳು. ಕಳಾವರ ಎಕ್ಕಾ, ಡೈಮನ್ ರಾಣಿ.

“ಎಕ್ಕಾದ ಜೋಡಿ ನನಗೂ ಐತಿ. ನಿಮ್ಮ ಬಾಜೂಕ ರಾಣಿಗಿಂತ ದೊಡ್ಡದು ಏನೈತಿ ತೋರಸ್ರಿ.”

ನಾಲ್ಕು ತೋರಿಸಿದೆ. ಬಸಣ್ಣ ನಕ್ಕ ರಭಸಕ್ಕೆ ಬೀಜವೆಲ್ಲ ಚೆಲ್ಲಾಪಿಲ್ಲಿಯಾದವು. ಸವಿತಾ ಎದ್ದು ಹೋಗಿ ಕಬ್ಬಿಣದ ಸರಳನ್ನು ಹಿಟ್ಟಿನ ಡಬ್ಬಿಯ ಹಿಂದೆ ಇಟ್ಟಳು.

ಸೋಮವಾರ ಐದಕ್ಕೆ ಎಚ್ಚರವಾಯಿತು. ಗೋಡೆಯಾಚೆ ಬಸಣ್ಣನ ಗೊರಕೆ ಸುಖವಾಗಿ ಸಾಗಿತ್ತು. ಗಂಟೆಯಿಲ್ಲದೆ ಏಳುವುದು ಹೇಗೆಂದು ತಿಳಿಯದೆ, ನಿದ್ದೆ ಬಂದವನಂತೆ ಕಣ್ಣು ಮುಚ್ಚಿ ಅಲುಗಾಡದೆ ಮಲಗಿದೆ.

“ಎದ್ದೀರಿ, ಗೊತ್ತೈತಿ,” ಎಂದಳು ಗಿರಿಜಾ ಬಾಜುವಿನಿಂದ. “ನಿದ್ದಿ ಹತ್ತಿದವ್ರು ಹಿಮ್ಮಡ ಹಂಗ ಜೋಡಿಸಿಟ್ಟಿರೂದಿಲ್ಲ.”

ನೋಡಿದೆ. ಹೊದಿಕೆಯ ಹೊರಗೆ ನನ್ನ ಎರಡೂ ಪಾದ ಹಿಮ್ಮಡಿಗೆ ಹಿಮ್ಮಡಿ ಕೂಡಿಸಿ, ಕವಾಯತಿನ ‘ಸಾವಧಾನ’ದಲ್ಲಿ ನಿಂತಿದ್ದವು.

“ಎಕ್ಕಾ ಬಂದಾಗೂ ಹಂಗ. ಕುರ್ಚಿ ಕೆಳಗ ಟಕ್ ಅಂತ ಸಾವಧಾನ. ಕಲರ್ ಆತಂದ್ರ ಅಗದಿ ಅರಾಮಾಗಿ ಕಾಲು ಅಗಲಿಸಿ ವಿಶ್ರಾಮ. ನಿನ್ನೆ ಕಡೀತನಕ ವಿಶ್ರಾಮ ಆಗಲೇ ಇಲ್ಲಲ್ಲ.”

“ಬಸಣ್ಣಗೂ ಗೊತ್ತೇನು?”

“ಕೆಳಗ ಕುಂತವ್ರಿಗೆಲ್ಲಾ ಗೊತ್ತೈತ್ರಿ” ಎಂದು ಮಗ್ಗುಲು ಬದಲಿಸಿ ಮತ್ತೆ ನಿದ್ದೆಹೋದಳು.

ಮುಂದಿನ ಆದಿತ್ಯವಾರ ಕಾಲ ಮೇಲೆ ದುಪ್ಪಟಿ ಹೊದ್ದು ಕೂಡುವುದೆಂದು ತೀರ್ಮಾನಿಸಿದ್ದೇನೆ. ಆ ಸೋಮವಾರ ಬೆಳಿಗ್ಗೆ ಮಾತ್ರ ಬೇರೆ ಉಪಾಯ ಕಾಣದೆ ಮೆಲ್ಲಗೆ ಪಾದ ಅಗಲಿಸಿ ಮಲಗಿದೆ. ಹಿತವೆನಿಸಿತು. ಇನ್ನೇನು ಕಣ್ಣು ಹತ್ತುವುದರಲ್ಲಿತ್ತು. ಐದು ಹೊಡೆದ ಮೇಲೆ ನಿದ್ದೆ ಬಂದುಬಿಟ್ಟರೆ ಗತಿಯೇನೆಂದು ಗಾಬರಿಯಾಗಿ, ಹಿಮ್ಮಡಿ ಮತ್ತೆ ಜೋಡಿಸಿದೆ.