ಬಿರುಕಿನ ಮುಂದೆ ನಿಂತ ಭದ್ರಮ್ಮನವರಿಗೆ

ಮಾನ್ಯರೇ, ಬಾಗಲಗುಂಟೆಯ ಎಂಟು ಬಾಡಿಗೆ ಮನೆಗಳ ಒಡತಿಯವರೇ,

ಈಗ ಬೆಳಗಿನ ಜಾವ ಮೂರೂ ಹತ್ತು. ಮಲಗುವ ಕೋಣೆಯ ಬಿರುಕಿನಿಂದ ಅಂಗೈಯಗಲದ ಗಾರೆ ದೊಪ್ಪೆಂದು ಬಿದ್ದು ನನಗೂ ನನ್ನ ಹನ್ನೊಂದು ತಿಂಗಳ ಮಗಳಿಗೂ ಎಚ್ಚರವಾಯಿತು. ಅವಳು ಮತ್ತೆ ಮಲಗಿದಳು. ಕೆಳಗಿನ ಮನೆಯಲ್ಲಿ ತಮಗೆ ಸುಖನಿದ್ರೆಯೆಂದು ನಂಬಿ, ಈ ಪತ್ರವನ್ನು ನೀರಿನ ಸಂಪಿನ ಮೋಟಾರ್ ಸ್ವಿಚ್ಚಿನ ಮೇಲೆ ಅಂಟಿಸುತ್ತಿದ್ದೇನೆ. ಐದಕ್ಕೆ ಅದನ್ನು ಹಾಕಲು ಬರುವವರು ತಾವೇ. ಮಿಕ್ಕ ಮನೆಯವರು ಓದಿದರೂ ನನ್ನ ಅಭ್ಯಂತರವಿಲ್ಲ.

ಮನೆ ಹಿಡಿಯುವ ದಿನವೇ ಇರುವ ಹಾಳನ್ನೆಲ್ಲ ಫೋಟೋ ತೆಗೆದಿಟ್ಟರೆ ಬಿಡುವಾಗ ಅಡ್ವಾನ್ಸ್ ಮುರಿಯುವುದಿಲ್ಲವೆಂದು ನಮ್ಮಕ್ಕ ಹೇಳಿದ್ದಳು. ಹಾಗಾಗಿ ೨೦೧೧ರ ಜೂನಿನಲ್ಲಿ ನಾನು ಮೊಬೈಲ್ ಎತ್ತಿದ್ದೇ ತಡ, ತಾವು "ತಡಿಯವ್ವ, ಸೀರೆ ಬದ್ಲಾಯಿಸ್ಕೊಂಡ್ ಬತ್ತೀನಿ" ಎಂದು ಓಡಿದಿರಿ. ಏಳು ಹಾಳು, ಏಳು ಫೋಟೋ, ಏಳರಲ್ಲೂ ತಾವು. ಬಚ್ಚಲ ಬಾಗಿಲಿನ ಗೆದ್ದಲು ತಿಂದ ಬುಡ ತಮ್ಮ ನೆರಿಗೆಯ ಹಿಂದೆ ನೆಮ್ಮದಿಯಾಗಿದೆ. ಸೋರುವ ನಲ್ಲಿಯ ಮೇಲೆ ತಮ್ಮ ಕೈ ಆಶೀರ್ವಾದದಂತಿದೆ. ಬಿರುಕಿನ ಮುಂದಂತೂ ತಾವು ನಿಂತ ಠೀವಿಗೆ ಗೋಡೆಯೇ ಹೊಸದಾಗಿ ಕಾಣುತ್ತದೆ.

ನಿನ್ನೆ ಸಂಜೆ ಇವನ್ನೇ ಸಾಕ್ಷಿಯೆಂದು ತಮ್ಮ ಯಜಮಾನರಾದ ನಂಜಪ್ಪನವರಿಗೆ ತೋರಿಸಿದೆ. ತಮ್ಮ ನೆತ್ತಿಯ ಮೇಲೆ ಇಣುಕಿದ ಗೇಣುದ್ದದ ಬಿರುಕಿಗೆ ಬೆರಳಿಟ್ಟರೆ, "ಅದು ನಮ್ಮವಳ ಕೂದ್ಲು ಕಣಮ್ಮ, ಅವತ್ತು ಎಣ್ಣೆ ಆಕಿರ್ನಿಲ್ಲ" ಎಂದರು. ಬಿರುಕು ಬಂದದ್ದು ನಮ್ಮ ತೊಟ್ಟಿಲು ತೂಗಿದ್ದರಿಂದ ಎಂಬುದು ಅವರ ಸಂಶೋಧನೆ. ಅದಕ್ಕೆ ಅರವತ್ತು ಸಾವಿರದ ಅಡ್ವಾನ್ಸಿನಲ್ಲಿ ಇಪ್ಪತ್ತು ಸಾವಿರ ಮುರಿಯುತ್ತಾರಂತೆ. ಎಂಟು ಕಿಲೋ ಮಗು ಇಟ್ಟಿಗೆ ಗೋಡೆ ಸೀಳಿತೆಂದರೆ ಹೆತ್ತವಳಿಗೆ ಹೆಮ್ಮೆಯೇ. ಆದರೆ ಇವತ್ತು ಒಂಬತ್ತಕ್ಕೆ ಮನೆ ಖಾಲಿ ಮಾಡಲು ಟೆಂಪೋ ಬರುತ್ತದೆ. ನಮ್ಮ ಮನೆಯವರು ಪೀಣ್ಯ ಬಿಟ್ಟು ಜಿಗಣಿಯ ಕಾರ್ಖಾನೆಗೆ ಸೇರಿದ್ದಾರೆ. ಅಲ್ಲಿಯ ಮನೆ ಮಾಲೀಕರು ಪೂರ್ತಿ ಅಡ್ವಾನ್ಸ್ ಎಣಿಸಿಕೊಳ್ಳದೆ ಬೀಗದ ಕೈ ಕೊಡುವುದಿಲ್ಲ. ಮಗುವನ್ನು ಸಾಮಾನಿನ ಮೇಲೆ ಮಲಗಿಸಿಕೊಂಡು ಬೀದಿಯಲ್ಲಿ ಕೂರಬೇಕಾಗುತ್ತದೆ.

ಆದ್ದರಿಂದ ತಮ್ಮಲ್ಲಿ ವಿನಂತಿ: ದಯವಿಟ್ಟು ಆ ಫೋಟೋದಲ್ಲಿ ಎರಡಡಿ ಎಡಕ್ಕೆ ಸರಿಯಿರಿ. ಅದಾಗದಿದ್ದರೆ, ತಮ್ಮ ಬೆನ್ನ ಹಿಂದೆ ಏನಿತ್ತೆಂದು ಯಜಮಾನರಿಗೆ ಒಂದು ಮಾತು ಹೇಳಿ. ತಮಗದು ಗೊತ್ತು. ರೇಷ್ಮೆ ಸೀರೆಗೆ ಮೆತ್ತಿದ ಗಾರೆ ಪುಡಿಯನ್ನು ನಾನು ಕೊಡವುತ್ತಿದ್ದಾಗ "ಇದೆಂಥಾ ಗೋಡೆ ಕಟ್ಸವ್ರೋ" ಎಂದು ಬೈದವರು ತಾವೇ. ಮೆಟ್ಟಿಲು ಹತ್ತಿ ಬರಬೇಡಿ, ಯಜಮಾನರಿಗೆ ಎಚ್ಚರವಾದೀತು. ಹೇಳುತ್ತೀರೋ ಇಲ್ಲವೋ ಎಂದು ಫೋನ್ ಮಾಡಿ. ಮಿಸ್ಡ್ ಕಾಲ್ ಕೊಟ್ಟರೂ ಸಾಕು, ನಾನೇ ಮಾಡುತ್ತೇನೆ. ಬೆಳಕು ಹರಿಯುವ ಮುಂಚೆ ಮಾಡಿ ಭದ್ರಮ್ಮನವರೇ, ಕೈ ಮುಗಿಯುತ್ತೇನೆ.

ಒಂಬತ್ತು ಗಂಟೆಯವರೆಗೆ ತಮ್ಮ ಬಾಡಿಗೆಯವಳೂ, ಆಮೇಲೂ ತಮ್ಮ ವಿಶ್ವಾಸಿಯೂ ಆದ
ಭಾಗ್ಯಶ್ರೀ, ಮೇಲಿನ ಮನೆ

ಮರೆತಿದ್ದೆ: ನಿನ್ನೆ ರಾತ್ರಿ ಫೋಟೋ ಸ್ಟುಡಿಯೋದ ಶಶಿಕುಮಾರ್‌ಗೆ ಆ ಬಿರುಕಿನ ಫೋಟೋ ತೋರಿಸಿದೆ. "ಆಂಟೀನ ಅಳಿಸ್ಬೋದು ಮೇಡಂ, ಆದ್ರೆ ಆ ಜಾಗಕ್ಕೆ ಬಿರುಕು ನಾವೇ ಹಾಕ್ಬೇಕಾಗುತ್ತೆ" ಎಂದ. ಎಷ್ಟು ದೊಡ್ಡದು ಬೇಕೆಂದು ಕೇಳಿದ್ದಾನೆ. ನಾನಿನ್ನೂ ಹೇಳಿಲ್ಲ.